ಗುಮಾಸ್ತನ ಬಿಡುವು: ಮೂರನೆಯ ಪೆಟ್ಟಿಗೆಯ ಲೆಕ್ಕ

ನಮ್ಮ ಸಂಘದ ಸದಸ್ಯೆಯರಾದ ತಾಯಿಯೊಬ್ಬರು ಈ ಅಂಕಣಕ್ಕೆ ಒಂದು ಕಾಗದ ಬರೆದಿದ್ದಾರೆ. ಕಾಗದವೆಂದರೆ ನಿಜವಾದ ಕಾಗದವೇ; ಮೊಬೈಲಿನ ಸಂದೇಶವಲ್ಲ. ನಾಲ್ಕು ಪುಟಗಳಲ್ಲಿ ಮೂರು ಪುಟ ಮಗನ ತಲೆಗೂದಲು, ಊಟದ ಹೊತ್ತು, ಸ್ನೇಹಿತರು, ಇವುಗಳನ್ನು ಕುರಿತದ್ದು. ಆ ವಿಷಯಗಳಲ್ಲಿ ನನ್ನಿಂದ ಯಾವ ಸಹಾಯವೂ ಆಗಲಾರದು. ನಾಲ್ಕನೆಯ ಪುಟದಲ್ಲಿ ಪ್ರಶ್ನೆಯಿದೆ.

ಅವರ ಮಗ ಬೇಸ್ ಗಿಟಾರ್ ಬಾರಿಸುತ್ತಾನೆ. ವಾದ್ಯವೃಂದದಲ್ಲಿ ಹಾಡಿನ ಅಡಿಯಲ್ಲಿ ದುಂ ದುಂ ಎಂದು ನಡೆದುಕೊಂಡು ಹೋಗುತ್ತಿರುತ್ತದಲ್ಲ, ನಾಲ್ಕು ದಪ್ಪ ತಂತಿಗಳ ವಾದ್ಯ, ಅದು. ಹೋದ ವರ್ಷ ತಾಯಿಯ ಚೀಟಿ ಹಣ ಕೈಗೆ ಬಂದಾಗ ಅದರಲ್ಲಿ ಒಂದು ಆಂಪ್ಲಿಫೈಯರನ್ನೂ ಎರಡು ಸ್ಪೀಕರ್ ಪೆಟ್ಟಿಗೆಗಳನ್ನೂ ಕೊಂಡರು. ಬಳಸಿದ ಮಾಲಾದರೂ ಒಳ್ಳೆಯ ಮಾಲು. ಬರುವ ನವೆಂಬರ್ 1ರ ರಾಜ್ಯೋತ್ಸವದಲ್ಲಿ ನಮ್ಮ ಹುಡುಗರ ವಾದ್ಯವೃಂದವಿದೆಯಷ್ಟೆ. ಸಭಾಂಗಣ ದೊಡ್ಡದು. ಎರಡು ಪೆಟ್ಟಿಗೆ ಸಾಲದೆಂದು ಮಗರಾಯ ಸ್ನೇಹಿತನಿಂದ ಮೂರನೆಯದೊಂದನ್ನು ಎರವಲು ತಂದಿದ್ದಾನೆ. ಆಂಪ್ಲಿಫೈಯರಿನ ಬೆನ್ನ ಮೇಲೆ ‘ಕನಿಷ್ಠ 4 ಓಮ್’ ಎಂದು ಬರೆದಿದೆ. ಪೆಟ್ಟಿಗೆಗಳ ಮೇಲೆ ‘8 ಓಮ್’ ಎಂದಿದೆ.

“ಎಂಟು ನಾಲ್ಕಕ್ಕಿಂತ ಹೆಚ್ಚಲ್ಲವೆ? ಮೂರು ಪೆಟ್ಟಿಗೆ ಸೇರಿದರೆ ಇಪ್ಪತ್ತನಾಲ್ಕಾಯಿತು. ಕನಿಷ್ಠಕ್ಕಿಂತ ಎಷ್ಟೋ ಮೇಲಾಯಿತು. ಆದರೂ ನಮ್ಮ ಯಜಮಾನರು ಬೇಡವೆನ್ನುತ್ತಾರೆ, ಮಗ ಬೇಕೆನ್ನುತ್ತಾನೆ, ಮೈಕ್‌ಸೆಟ್ಟಿನವನು ಏನೂ ಆಗುವುದಿಲ್ಲವೆನ್ನುತ್ತಾನೆ. ಯಂತ್ರ ಸುಟ್ಟುಹೋದರೆ ಇನ್ನೊಂದು ಚೀಟಿ ಎತ್ತುವ ಶಕ್ತಿ ನನಗಿಲ್ಲ. ನೀವೇನು ಹೇಳುತ್ತೀರಿ?” ಎಂದು ಕೇಳಿದ್ದಾರೆ.

ಸೋದರಿ, ನಿಮ್ಮ ಯಜಮಾನರ ಮಾತು ಸರಿ. ಅವರು ಕಾರಣ ತಿಳಿದು ಬೇಡವೆಂದರೋ, ಮನೆಯ ಯಜಮಾನರಿಗೆ ಸಹಜವಾದ ಅಭ್ಯಾಸಬಲದಿಂದ ಬೇಡವೆಂದರೋ ನಾನರಿಯೆ. ಅಂತೂ ಮೂರನೆಯ ಪೆಟ್ಟಿಗೆಯನ್ನು ಆ ಯಂತ್ರಕ್ಕೆ ಸೇರಿಸಬೇಡಿ.

ಬಿ.ಎ.ಯಲ್ಲಿ ಇತಿಹಾಸ ಓದಿ, ಹಗಲೆಲ್ಲ ಸರ್ಕಾರದ ಫೈಲುಗಳ ಮೇಲೆ ‘ಮಂಡಿಸಲಾಗಿದೆ’ ಎಂದು ಬರೆಯುವವನಿಗೆ ವಿದ್ಯುತ್ತಿನ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಏಳು ವರ್ಷದಿಂದ ಸಂಘದ ಸಭೆಗಳಲ್ಲಿ ಮೈಕಿನ ಹೊಣೆ ನನ್ನ ತಲೆಗೆ ಬಿದ್ದಿದೆ. ಭಾಷಣಕಾರರ ಬಾಯಿಗೂ ಕೇಳುಗರ ಕಿವಿಗೂ ನಡುವೆ ನಿಂತವನು ಎರಡೂ ಕಡೆಯಿಂದ ಬೈಸಿಕೊಳ್ಳುತ್ತಾನೆ. ಬೈಸಿಕೊಂಡು ಕಲಿತ ವಿದ್ಯೆ ಮರೆಯುವುದಿಲ್ಲ. ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ರಿಪೇರಿಗೆ ಕುಳಿತ ಹಿರಿಯರು ಉಳಿದದ್ದನ್ನು ಕಲಿಸಿದರು.

ಮೊದಲು ಈ ಓಮ್ ಯಾವುದೆಂದು ನೋಡೋಣ. ಇದು ಸಂಧ್ಯಾವಂದನೆಯ ಓಂ ಅಲ್ಲ. ಗೇಯಾರ್ಗ್ ಸೀಮೋನ್ ಓಮ್ ಎಂಬ ಜರ್ಮನ್ ಉಪಾಧ್ಯಾಯರ ಹೆಸರು. ತಂತಿಯಲ್ಲಿ ಹರಿಯುವ ವಿದ್ಯುತ್ತು, ಅದನ್ನು ತಳ್ಳುವ ವೋಲ್ಟೇಜು, ತಂತಿ ಒಡ್ಡುವ ತಡೆ, ಈ ಮೂರಕ್ಕೂ ಇರುವ ಸಂಬಂಧವನ್ನು ಅವರು 1827ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಸ್ವದೇಶದಲ್ಲಿ ಆಗ ಅದಕ್ಕೆ ಸಿಕ್ಕಿದ ಆದರ ಅಷ್ಟಕ್ಕಷ್ಟೆ. ಲಂಡನ್ನಿನ ರಾಯಲ್ ಸೊಸೈಟಿ ಅವರಿಗೆ ಕಾಪ್ಲೀ ಪದಕ ಕೊಟ್ಟದ್ದು 1841ರಲ್ಲಿ, ಹದಿನಾಲ್ಕು ವರ್ಷದ ಮೇಲೆ. ನಮ್ಮ ಕಚೇರಿಯ ಬಡ್ತಿಯ ಫೈಲುಗಳನ್ನು ಬಲ್ಲವರಿಗೆ ಇದೇನೂ ಅತಿಯೆನಿಸದು. ಆ ತಡೆಯನ್ನು ಅಳೆಯುವ ಮಾನಕ್ಕೆ ಈಗ ಅವರದೇ ಹೆಸರು. ಯಂತ್ರಗಳ ಮೇಲೆ ಕುದುರೆಯ ಲಾಳದಂತಹ ಗುರುತೊಂದು ಇರುತ್ತದೆ. ಅದನ್ನು ‘ಓಮ್’ ಎಂದು ಓದಿಕೊಳ್ಳಬೇಕು.

ಸೋದರಿಯವರ ಲೆಕ್ಕ ತಪ್ಪಿದ್ದು ಕೂಡುವುದರಲ್ಲಿ ಅಲ್ಲ, ಓಮ್ ಎಂಬುದನ್ನು ಭಾರವೆಂದು ತಿಳಿದದ್ದರಲ್ಲಿ. ಓಮ್ ಭಾರವಲ್ಲ, ತಡೆ. ತಡೆ ಹೆಚ್ಚಾದರೆ ಯಂತ್ರಕ್ಕೆ ಕೆಲಸ ಕಡಮೆ. ತಡೆ ಕಡಮೆಯಾದರೆ ಕೆಲಸ ಹೆಚ್ಚು. ಇದೊಂದು ತಿಳಿದರೆ ಮಿಕ್ಕದ್ದೆಲ್ಲ ತಾನಾಗಿ ತಿಳಿಯುತ್ತದೆ.

ನಮ್ಮ ಕಟ್ಟಡಗಳ ಮಾಳಿಗೆಯ ನೀರಿನ ತೊಟ್ಟಿಯನ್ನು ನೆನೆಯಿರಿ. ಬೆಳಿಗ್ಗೆ ಆರು ಗಂಟೆಗೆ ಒಂದು ಮನೆಯವರು ನಲ್ಲಿ ತಿರುಗಿಸಿದರೆ ಒಂದು ಧಾರೆ ನೀರು ಹೋಗುತ್ತದೆ. ನಲ್ಲಿಯ ಬಾಯಿ ಕಿರಿದು. ಅದೇ ಅದರ ತಡೆ. ಪಕ್ಕದ ಮನೆಯವರೂ ತಿರುಗಿಸಿದರೆ ಎರಡು ಧಾರೆ. ತೊಟ್ಟಿಯ ಪಾಲಿಗೆ ಈಗ ಹೊರಹೋಗುವ ದಾರಿ ಅಗಲವಾಯಿತು, ಅಂದರೆ ತಡೆ ಅರ್ಧವಾಯಿತು. ಮೂರನೆಯ ಮನೆ, ನಾಲ್ಕನೆಯ ಮನೆ ಎಂದು ನಲ್ಲಿಗಳು ತೆರೆದಷ್ಟೂ ತಡೆ ಇಳಿಯುತ್ತ, ಹರಿವು ಏರುತ್ತ ಹೋಗುತ್ತದೆ. ತೊಟ್ಟಿಯ ಮಟ್ಟ ಇಳಿಯದಂತೆ ನೋಡಿಕೊಳ್ಳಬೇಕಾದ ಪಂಪು ಮಾತ್ರ ಕೆಳಗೆ ಏದುಸಿರು ಬಿಡುತ್ತಿರುತ್ತದೆ. ಆಂಪ್ಲಿಫೈಯರ್ ಆ ಪಂಪು. ಸ್ಪೀಕರ್ ಪೆಟ್ಟಿಗೆಗಳು ನಲ್ಲಿಗಳು.

ಆದುದರಿಂದ 8 ಓಮಿನ ಒಂದು ಪೆಟ್ಟಿಗೆಗೆ 8 ಓಮ್, ಎರಡಕ್ಕೆ 4, ಮೂರಕ್ಕೆ 2.67, ನಾಲ್ಕಕ್ಕೆ 2. ಪೆಟ್ಟಿಗೆಗಳು ಒಂದೇ ಬಗೆಯವಾದರೆ ಅವುಗಳ ಓಮನ್ನು ಸಂಖ್ಯೆಯಿಂದ ಭಾಗಿಸಿದರಾಯಿತು. ಬೇರೆ ಬೇರೆಯಾದ ಎರಡಿದ್ದರೆ ಗುಣಾಕಾರವನ್ನು ಮೊತ್ತದಿಂದ ಭಾಗಿಸಬೇಕು: ಎಂಟು ನಾಲ್ಕಲ 32, ಎಂಟೂ ನಾಲ್ಕೂ 12, ಮತ್ತೆ 2.67 ಬಂತು. ಅಂದರೆ ಸ್ನೇಹಿತನ ಪೆಟ್ಟಿಗೆ 4 ಓಮಿನದಾಗಿದ್ದರೆ ಹುಡುಗನ ಒಂದು ಪೆಟ್ಟಿಗೆಯೊಡನೆ ಸೇರಿಯೇ ಅದು ಗಡಿ ದಾಟಿಸಿಬಿಡುತ್ತದೆ.

ಯಂತ್ರದ ಬೆನ್ನ ಮೇಲಿನ 4 ಎಂಬುದು ಮುಟ್ಟಲೇಬೇಕಾದ ಗುರಿಯೂ ಅಲ್ಲ. 4ಕ್ಕಿಂತ ಕೆಳಗೆ ಇಳಿಯಬಾರದು ಎಂಬ ಗೆರೆ. ಟ್ರಾನ್ಸಿಸ್ಟರಿನ ಯಂತ್ರಕ್ಕೆ 8 ಓಮಿನ ಒಂದೇ ಪೆಟ್ಟಿಗೆ ಹಾಕಿದರೂ, 16 ಓಮಿನದು ಹಾಕಿದರೂ ಕೆಡುಕಿಲ್ಲ. ಸದ್ದು ಕೊಂಚ ಕಡಮೆಯಾದೀತು, ಅಷ್ಟೆ. ‘4 ಓಮಿನ ಯಂತ್ರಕ್ಕೆ 4 ಓಮಿನ ಪೆಟ್ಟಿಗೆಯೇ ಬೇಕು’ ಎಂದು ಅಂಗಡಿಯಲ್ಲಿ ಯಾರಾದರೂ ಹೇಳಿದರೆ ಅವರಿಗೆ ಮಾರಬೇಕಾದ ಪೆಟ್ಟಿಗೆಯೊಂದು ಇದೆಯೆಂದು ತಿಳಿಯಬೇಕು.

ಈಗ ಅಂಕಿಗಳನ್ನು ಇಟ್ಟು ನೋಡೋಣ. ಯಂತ್ರ ಪೆಟ್ಟಿಗೆಯ ತುದಿಗೆ 20 ವೋಲ್ಟ್ ಕೊಡುತ್ತಿದೆ ಎನ್ನಿ. 8 ಓಮಿನೊಳಗೆ ಎರಡೂವರೆ ಆಂಪಿಯರ್ ಹರಿಯುತ್ತದೆ. ಶಕ್ತಿ 50 ವಾಟ್. 4 ಓಮಿನೊಳಗೆ 5 ಆಂಪಿಯರ್, 100 ವಾಟ್. ಮೂರನೆಯ ಪೆಟ್ಟಿಗೆ ಸೇರಿದರೆ ಏಳೂವರೆ ಆಂಪಿಯರ್, 150 ವಾಟ್. ನಾಲ್ಕನೆಯದಕ್ಕೆ 10 ಆಂಪಿಯರ್, 200 ವಾಟ್. ಇದನ್ನು ಕಂಡೊಡನೆ ಹುಡುಗರ ಬಾಯಲ್ಲಿ ನೀರೂರುತ್ತದೆ. ಪುಕ್ಕಟೆ 50 ವಾಟ್ ಸಿಗುತ್ತಿದೆಯಲ್ಲ! ಸರ್ಕಾರದಲ್ಲಾಗಲಿ ವಿದ್ಯುತ್ತಿನಲ್ಲಾಗಲಿ ಹೆಚ್ಚುವರಿ ಮಂಜೂರಾತಿಗೆ ಹಣ ಯಾವ ತಲೆಪಟ್ಟಿಯಿಂದ ಬರುತ್ತದೆಂದು ಮೊದಲು ಕೇಳಬೇಕು.

ಆ ಹೆಚ್ಚಿನ ಪ್ರವಾಹವೆಲ್ಲ ಯಂತ್ರದ ಹೊರಗೇಟಿನಲ್ಲಿ ಕುಳಿತ ಟ್ರಾನ್ಸಿಸ್ಟರುಗಳ ಮೂಲಕವೇ ಹಾದುಹೋಗಬೇಕು. ಸಾಮಾನ್ಯ ಮಾದರಿಯ ಯಂತ್ರಗಳಲ್ಲಿ ಗೋಡೆಯಿಂದ ಎಳೆದ ಶಕ್ತಿಯೆಲ್ಲ ಸ್ಪೀಕರಿಗೆ ಮುಟ್ಟುವುದಿಲ್ಲ; ಒಂದು ದೊಡ್ಡ ಪಾಲು ಟ್ರಾನ್ಸಿಸ್ಟರುಗಳಲ್ಲೇ ಉಷ್ಣವಾಗಿ ಕಳೆದುಹೋಗುತ್ತದೆ. ಬೆನ್ನ ಮೇಲಿನ ಅಲ್ಯುಮಿನಿಯಂ ರೆಕ್ಕೆಗಳು ಇರುವುದು ಆ ಉಷ್ಣವನ್ನು ಗಾಳಿಗೆ ಬಿಡುವುದಕ್ಕೆ. ತಡೆ ಅರ್ಧವಾದರೆ ಈ ಉಷ್ಣವೂ ಹೆಚ್ಚುಕಡಮೆ ಇಮ್ಮಡಿಯಾಗುತ್ತದೆ, 4ರಿಂದ 2.67ಕ್ಕೆ ಇಳಿದರೆ ಒಂದೂವರೆಯಷ್ಟಾಗುತ್ತದೆ. ವಿಚಿತ್ರವೆಂದರೆ ಯಂತ್ರ ಅತಿ ಹೆಚ್ಚು ಕಾಯುವುದು ಪೂರ್ತಿ ಜೋರಿನಲ್ಲಿ ಅಲ್ಲ. ಪೂರ್ಣಶಕ್ತಿಯ ನೂರಕ್ಕೆ ಸುಮಾರು 40ರಷ್ಟು ಕೊಡುತ್ತಿರುವಾಗ ಅದರ ಒಡಲು ಹೆಚ್ಚು ಸುಡುತ್ತದೆ. ‘ನಾನು ಗುಂಡಿಯನ್ನು ಕೊನೆಯವರೆಗೆ ತಿರುಗಿಸುವುದೇ ಇಲ್ಲ’ ಎಂಬ ಸಮಾಧಾನಕ್ಕೆ ಆದ್ದರಿಂದ ಹೆಚ್ಚು ಬೆಲೆಯಿಲ್ಲ.

ಹಲವು ಪವರ್ ಟ್ರಾನ್ಸಿಸ್ಟರುಗಳ ಒಳಗಿನ ಸಿಲಿಕಾನ್ ತುಣುಕಿಗೆ 150 ಡಿಗ್ರಿ ಸೆಲ್ಸಿಯಸ್ ಎಂಬುದು ಕೊನೆಯ ಗಡಿ. ಅದಕ್ಕೊಂದು ದುರ್ಗುಣವೂ ಉಂಟು. ಕಾದಷ್ಟೂ ಅದು ಹೆಚ್ಚು ವಿದ್ಯುತ್ತನ್ನು ಬಿಡುತ್ತದೆ. ಹೆಚ್ಚು ಬಿಟ್ಟಷ್ಟೂ ಇನ್ನೂ ಕಾಯುತ್ತದೆ. ಹಾಲು ಉಕ್ಕುವ ಬಗೆಯೇ ಹೀಗೆ. ಉಕ್ಕಿದ ಮೇಲೆ ಒಲೆ ಆರಿಸಿ ಫಲವೇನು?

ಸುಟ್ಟದ್ದು ಒಂದು ಟ್ರಾನ್ಸಿಸ್ಟರಿನಲ್ಲಿ ಮುಗಿದರೆ ಅದೃಷ್ಟವೆನ್ನಬೇಕು. ಪವರ್ ಟ್ರಾನ್ಸಿಸ್ಟರ್ ಸಾಯುವಾಗ ಬಹಳ ಸಲ ಒಳಗೇ ಷಾರ್ಟ್ ಆಗಿ ಸಾಯುತ್ತದೆ. ಆಗ ಯಂತ್ರದ ಹೊಟ್ಟೆಯೊಳಗಿನ ನೇರ ವಿದ್ಯುತ್ತು ಸಂಗೀತದ ವೇಷವನ್ನೂ ತೊಡದೆ ಪೆಟ್ಟಿಗೆಗಳಿಗೆ ನುಗ್ಗುತ್ತದೆ. ಸ್ಪೀಕರಿನ ಕೋನು ಒಂದೇ ಕಡೆಗೆ ಚಾಚಿ ನಿಲ್ಲುತ್ತದೆ. ಅದರ ಸುರುಳಿ ಕೆಲವೇ ಕ್ಷಣದಲ್ಲಿ ಕಾದು ಸುಟ್ಟ ವಾಸನೆ ಹೊಡೆಯುತ್ತದೆ. ರಕ್ಷಣೆಗೆಂದು ಒಳಗೆ ರಿಲೇ, ಫ್ಯೂಸು ಇದ್ದರೆ ಕಾಪಾಡಿಯಾವು. ಫ್ಯೂಸು ಪದೇಪದೇ ಹೋಗುತ್ತದೆಂದು ಅದರ ಜಾಗದಲ್ಲಿ ದಪ್ಪ ತಂತಿ ಸುತ್ತುವ ಮಹಾನುಭಾವರು ನಮ್ಮಲ್ಲಿ ಇದ್ದಾರೆ. ಸಭಾಂಗಣದಲ್ಲಿ ಮಕ್ಕಳು ಮರಿ ಕುಳಿತಿರುತ್ತಾರೆ, ಪರದೆಗಳು ಬಟ್ಟೆಯವು ಎಂಬುದನ್ನು ಅವರು ನೆನೆಯಬೇಕು. ಹೀಗೆ ಹೋದರೆ ಯಂತ್ರದ ಜೊತೆಗೆ ಹುಡುಗನ ಎರಡು ಪೆಟ್ಟಿಗೆ, ಸ್ನೇಹಿತನ ಒಂದು, ಎಲ್ಲಕ್ಕೂ ಅಪಾಯ. ಸೋದರಿ, ಆಗ ಒಂದು ಚೀಟಿ ಸಾಲದು. ಎರವಲಿನ ಮಾಲಿನ ದಂಡ ಬೇರೆ.

ಈ ಸಾಲುಗಳನ್ನು ಬರೆಯುವ ಮುನ್ನ ಹುಡುಗನೊಡನೆ ಫೋನಿನಲ್ಲಿ ಮಾತಾಡಿದೆ. ವಿನಯವಂತನೇ.

“ಅಂಕಲ್, ಮನೆಯಲ್ಲಿ ಮೂರು ಪೆಟ್ಟಿಗೆಗಳನ್ನೂ ಹಾಕಿ ಒಂದು ಗಂಟೆ ಬಾರಿಸಿ ನೋಡಿದೆ. ಏನೂ ಆಗಲಿಲ್ಲವಲ್ಲ?”

“ಎಷ್ಟು ಜೋರಾಗಿ ಬಾರಿಸಿದೆಯಪ್ಪ?”

“ಕೆಳಗಿನ ಮನೆಯ ಅಜ್ಜಿ ಬೈಯದಷ್ಟು.”

ಉತ್ತರ ಅವನ ಮಾತಿನಲ್ಲೇ ಇದೆ. ಅಜ್ಜಿ ಬೈಯದಷ್ಟು ಸದ್ದಿನಲ್ಲಿ ಯಂತ್ರ ಕೊಡುತ್ತಿದ್ದದ್ದು ಎರಡು ವೋಲ್ಟ್ ಇದ್ದೀತು. ಎರಡು ವೋಲ್ಟಿಗೆ 2.67 ಓಮಿನಲ್ಲಿ ಮುಕ್ಕಾಲು ಆಂಪಿಯರ್ ಹರಿಯುತ್ತದೆ. ಅದು ಯಂತ್ರಕ್ಕೆ ಲೆಕ್ಕಕ್ಕೇ ಇಲ್ಲ. ಸಭಾಂಗಣದಲ್ಲಿ 20 ವೋಲ್ಟ್ ಬೇಕಾಗುತ್ತದೆ, ಪ್ರವಾಹ ಹತ್ತರಷ್ಟಾಗುತ್ತದೆ. ಮನೆಯ ಪರೀಕ್ಷೆ ಮನೆಯ ಸದ್ದಿಗೆ ಮಾತ್ರ ಪ್ರಮಾಣ. ಮೇಲಾಗಿ ವೇದಿಕೆಯ ಮೇಲೆ ದೀಪಗಳ ಝಳ, ಜನರ ಉಸಿರು, ಯಂತ್ರದ ಬೆನ್ನಿಗೆ ಒತ್ತಿದ ಪರದೆ. ಎರಡೂವರೆ ಗಂಟೆಯ ಕಾರ್ಯಕ್ರಮ. ಬೇಸ್ ಗಿಟಾರಿನ ಸ್ವಭಾವವೂ ಕಠಿನವೇ. ಅದರ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ತಗ್ಗಿನ ನಾದವನ್ನು ಕಿವಿಗೆ ಮುಟ್ಟಿಸಲು ಹಾಡುಗಾರ್ತಿಯ ಕಂಠಕ್ಕೆ ಬೇಕಾದುದಕ್ಕಿಂತ ಎಷ್ಟೋ ಪಾಲು ಹೆಚ್ಚು ಶಕ್ತಿ ಬೇಕು, ಮತ್ತು ಅದು ಹಾಡಿನುದ್ದಕ್ಕೂ ಬಿಡುವಿಲ್ಲದೆ ನಡೆಯುತ್ತಿರುತ್ತದೆ.

ಇನ್ನು ಮೈಕ್‌ಸೆಟ್ಟಿನವನ ಮಾತು. “ಗಣೇಶೋತ್ಸವಕ್ಕೆ ಒಂದೇ ಆಂಪ್ಲಿಫೈಯರಿಗೆ ಇಪ್ಪತ್ತು ಭೋಂಗಾ ಕಟ್ಟುತ್ತೇನೆ, ಈವರೆಗೆ ಏನಾಗಿದೆ?” ಎಂದು ಅವನು ಕೇಳಿದನಂತೆ. ಅವನು ಸುಳ್ಳು ಹೇಳುತ್ತಿಲ್ಲ. ಆದರೆ ಅವನ ಬೀದಿಯೇ ಬೇರೆ. ಬೀದಿಯುದ್ದಕ್ಕೂ ಕಟ್ಟುವ ಆ ಭೋಂಗಾಗಳಿಗೆ ಆಂಪ್ಲಿಫೈಯರಿನ 100 ವೋಲ್ಟಿನ ತುದಿಯಿಂದ ತಂತಿ ಎಳೆಯುತ್ತಾರೆ. ಒಂದೊಂದು ಭೋಂಗಾದ ಬೆನ್ನಲ್ಲೂ ಚಿಕ್ಕ ಟ್ರಾನ್ಸ್‌ಫಾರ್ಮರ್ ಇರುತ್ತದೆ. 10 ವಾಟಿಗೆ ಇಟ್ಟ ಭೋಂಗಾ ಆ ತಂತಿಗೆ 1000 ಓಮಿನಂತೆ ಕಾಣುತ್ತದೆ. ಅಂತಹ ಇಪ್ಪತ್ತನ್ನು ಸೇರಿಸಿದರೆ 50 ಓಮ್. 100 ವೋಲ್ಟಿನಲ್ಲಿ ಎಳೆಯುವುದು ಎರಡೇ ಆಂಪಿಯರ್, ಒಟ್ಟು 200 ವಾಟ್. ಯಂತ್ರ 250 ವಾಟಿನದಾದರೆ ಸುಖವಾಗಿ ನಡೆಯುತ್ತದೆ. ಅಲ್ಲಿ ವಾಟನ್ನು ಕೂಡುತ್ತ ಹೋದರೆ ಸಾಕು, ಓಮಿನ ಗೋಜೇ ಇಲ್ಲ. ಬಹುದೂರ ತಂತಿ ಎಳೆಯಬೇಕಾದ ಕಡೆಗೆ ಬಹಳ ಜಾಣತನದ ಏರ್ಪಾಡು ಅದು. ಬೇಸ್ ಆಂಪ್ಲಿಫೈಯರಿನಲ್ಲಿ ಆ ಟ್ರಾನ್ಸ್‌ಫಾರ್ಮರುಗಳಿಲ್ಲ. ಅವನ ಅನುಭವವನ್ನು ಇಲ್ಲಿಗೆ ತರುವುದು ರೈಲಿನ ಪಾಸು ತೋರಿಸಿ ಬಸ್ಸು ಹತ್ತಿದಂತೆ.

ಹುಡುಗ ಇನ್ನೊಂದು ಮಾತು ಹೇಳಿದ. “ನಾನು ಮೂರನ್ನೂ ಆಂಪ್ಲಿಫೈಯರಿಗೇ ಚುಚ್ಚುವುದಿಲ್ಲ ಅಂಕಲ್. ಮೊದಲನೆಯದರಿಂದ ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ, ಒಂದರ ಹಿಂದೆ ಒಂದು ಸಾಲಾಗಿ ಹಾಕುತ್ತೇನೆ. ಅದು ಸೀರೀಸ್ ಅಲ್ಲವೆ? ಸೀರೀಸ್ ಆದರೆ ಓಮ್ ಕೂಡುತ್ತದಲ್ಲ?”

ಈ ತಪ್ಪು ತಿಳಿವಳಿಕೆ ಬಲು ವ್ಯಾಪಕವಾದದ್ದು. ಸುಟ್ಟ ಯಂತ್ರಗಳ ಹಿಂದೆ ಬಹಳ ಸಲ ಇದೇ ಇರುತ್ತದೆ. ಆದ್ದರಿಂದ ಕೊಂಚ ನಿಧಾನವಾಗಿ ಹೇಳುತ್ತೇನೆ. ಪೆಟ್ಟಿಗೆಯ ಬೆನ್ನಲ್ಲಿ ಎರಡು ತೂತುಗಳಿರುತ್ತವೆ. ಒಂದಕ್ಕೆ ಆಂಪ್ಲಿಫೈಯರಿನ ತಂತಿ, ಇನ್ನೊಂದರಿಂದ ಮುಂದಿನ ಪೆಟ್ಟಿಗೆಗೆ ತಂತಿ. ಕಣ್ಣಿಗೆ ಕಾಣುವುದು ಸಾಲು. ಆದರೆ ಒಳಗೆ ಆ ಎರಡು ತೂತುಗಳ ತಂತಿಗಳನ್ನು ನೇರವಾಗಿ ಒಂದಕ್ಕೊಂದು ಬೆಸೆದಿರುತ್ತಾರೆ. ವಿದ್ಯುತ್ತು ಮೊದಲನೆಯ ಸ್ಪೀಕರನ್ನು ಹಾದು ಆಮೇಲೆ ಎರಡನೆಯದಕ್ಕೆ ಹೋಗುವುದಿಲ್ಲ. ಒಂದು ಕವಲು ಇಲ್ಲಿಗೆ, ಒಂದು ಕವಲು ಮುಂದಕ್ಕೆ ಹೋಗುತ್ತದೆ. ಚಾಳಿನ ಮನೆಗಳು ಸಾಲಾಗಿದ್ದರೂ ಪ್ರತಿ ಮನೆಯ ನಲ್ಲಿಯೂ ಒಂದೇ ಕೊಳವೆಗೆ ಕೂಡಿಸಿದ್ದಲ್ಲವೆ? ಮೊದಲ ಮನೆಯವರು ಬಳಸಿ ಬಿಟ್ಟ ನೀರು ಎರಡನೆಯ ಮನೆಗೆ ಬರುವುದಿಲ್ಲವಷ್ಟೆ. ಹಾಗೆಯೇ ಇದು. ಆಂಪ್ಲಿಫೈಯರಿನ ಬೆನ್ನಲ್ಲಿ ಎರಡು ತೂತುಗಳಿದ್ದರೂ ಸಾಮಾನ್ಯವಾಗಿ ಅವೂ ಹೀಗೆಯೇ ಬೆಸೆದವು. ಎಲ್ಲಿ ಚುಚ್ಚಿದರೂ ಲೆಕ್ಕ ಒಂದೇ: ಮೂರು ಪೆಟ್ಟಿಗೆ, 2.67 ಓಮ್.

ನಿಜವಾದ ಸೀರೀಸ್ ಸಂಪರ್ಕಕ್ಕೆ ಬೇರೆ ಬಗೆಯ ತಂತಿ ಬೇಕು. ಅದರಲ್ಲಿ 8 ಓಮಿನ ಎರಡು ಪೆಟ್ಟಿಗೆ 16 ಓಮ್ ಆಗುತ್ತವೆ. ಯಂತ್ರ ತಣ್ಣಗಿರುತ್ತದೆ, ಆದರೆ ಅದೇ 20 ವೋಲ್ಟಿಗೆ ಬರುವುದು 25 ವಾಟ್. ಜೋರು ಬೇಕೆಂದು ಹೊರಟವನಿಗೆ ಅದರಿಂದ ಪ್ರಯೋಜನವಿಲ್ಲ.

ಪೆಟ್ಟಿಗೆಯ ಮೇಲೆ ಬರೆದ ಅಂಕಿಯನ್ನು ನಂಬುವುದೂ ಎಚ್ಚರಿಕೆಯಿಂದಲೇ. ಸ್ಪೀಕರಿನ ತಡೆ ಒಂದೇ ಸಮನಲ್ಲ. ನಾದದ ಏರಿಳಿತಕ್ಕೆ ತಕ್ಕಂತೆ ಅದೂ ಏರಿಳಿಯುತ್ತದೆ. ಇಂತಹ ಬದಲಾಗುವ ತಡೆಗೆ ಇಂಪೀಡೆನ್ಸ್ ಎಂಬ ಹೆಸರನ್ನು 1886ರಲ್ಲಿ ಇಂಗ್ಲೆಂಡಿನ ಆಲಿವರ್ ಹೆವಿಸೈಡ್ ಇಟ್ಟರು. 8 ಓಮಿನ ಬೇಸ್ ಸ್ಪೀಕರ್ ತನ್ನ ಅನುರಣನದ ಜಾಗದಲ್ಲಿ 8ರ ಹಲವು ಪಟ್ಟು ಏರಬಲ್ಲದು, ಬೇರೆ ಕಡೆ ಆರೂವರೆಯ ಆಸುಪಾಸಿಗೆ ಇಳಿಯಬಲ್ಲದು. ‘8’ ಎಂಬುದು ಹೆಸರಿಗೆ ಇಟ್ಟ ಅಂಕಿ. ಬಳಸಿದ ಪೆಟ್ಟಿಗೆಗಳಲ್ಲಂತೂ ಹಿಂದಿನ ಒಡೆಯ ಸ್ಪೀಕರನ್ನೇ ಬದಲಿಸಿರಬಹುದು. ಹೊರಗಿನ ಚೀಟಿ ಹಳೆಯದೇ ಉಳಿದಿರುತ್ತದೆ. ಇದಕ್ಕೆ ಮಲ್ಟಿಮೀಟರ್ ಸಾಕು. ಪೆಟ್ಟಿಗೆಯನ್ನು ಆಂಪ್ಲಿಫೈಯರಿನಿಂದ ಪೂರ್ತಿ ಬಿಡಿಸಿ ಅದರ ತಂತಿಯ ತುದಿಗಳಿಗೆ ಮೀಟರನ್ನು ಹಿಡಿಯಬೇಕು. 8 ಓಮಿನ ಪೆಟ್ಟಿಗೆಯಾದರೆ ಮೀಟರು ಐದೂವರೆಯಿಂದ ಏಳರವರೆಗೆ ಎಲ್ಲಾದರೂ ತೋರಿಸುತ್ತದೆ. 8 ತೋರಿಸಲಿಲ್ಲವೆಂದು ಗಾಬರಿ ಬೇಡ, ಮೀಟರು ಅಳೆಯುವುದು ಸುರುಳಿಯ ತಂತಿಯ ತಡೆಯನ್ನು ಮಾತ್ರ. 3ರಿಂದ ಮೂರೂವರೆ ಬಂದರೆ ಅದು 4 ಓಮಿನದು, ಚೀಟಿಯ ಮೇಲೆ ಏನೇ ಬರೆದಿರಲಿ.

ವಾಚಕರಲ್ಲಿ ಸಂಗೀತದ ಗೀಳಿರುವ ತರುಣರು ಇಲ್ಲಿ ನನ್ನನ್ನು ಹಿಡಿದು ಕೇಳಬಹುದು: ‘ಹಿಂದಿನವರು 2 ಓಮಿನಲ್ಲಿ ಬಾರಿಸಲಿಲ್ಲವೆ?’ ಬಾರಿಸಿದರು. ಅಮೆರಿಕದ ಲಿಯೋ ಫೆಂಡರ್ ಎಂಬವರು 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ವಾದ್ಯವನ್ನು ಹೊರತಂದರು. ಮರುವರ್ಷ ಅದಕ್ಕೆಂದೇ ಬೇಸ್‌ಮನ್ ಎಂಬ ಆಂಪ್ಲಿಫೈಯರ್ ಬಂತು. ಅದೇ ದಶಕದ ಕೊನೆಯ ಬೇಸ್‌ಮನ್‌ಗಳಲ್ಲಿ ಹತ್ತಂಗುಲದ ನಾಲ್ಕು ಸ್ಪೀಕರುಗಳು, ಒಂದೊಂದೂ 8 ಓಮ್, ಕವಲುಕವಲಾಗಿ ಸೇರಿ 2 ಓಮ್ ಆಗಿದ್ದವು. ಆಂಪೆಗ್ ಕಂಪೆನಿ 1969ರಲ್ಲಿ 300 ವಾಟಿನ ಎಸ್‌ವಿಟಿ ಎಂಬ ದೈತ್ಯನನ್ನು ಹೊರತಂದಿತು. ರೋಲಿಂಗ್ ಸ್ಟೋನ್ಸ್ ತಂಡದವರು ಆ ವರ್ಷದ ಅಮೆರಿಕದ ಪ್ರವಾಸದಲ್ಲಿ ಅದನ್ನೇ ಮೊಳಗಿಸಿದರು. ಅದೂ 2 ಓಮಿಗೆ ಒಗ್ಗುವಂಥದೇ. ಆದರೆ ಇವೆಲ್ಲ ವಾಲ್ವಿನ ಯಂತ್ರಗಳು. ಅವುಗಳ ಬಾಗಿಲಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಎಂಬ ದುಭಾಷಿ ಕುಳಿತಿರುತ್ತಾನೆ. ಅವನ ಸುರುಳಿಯನ್ನು 2 ಓಮಿಗೆಂದೇ ಸುತ್ತಿದ್ದರೆ 2 ಓಮೇ ಸರಿಯಾದದ್ದು. ವಾಲ್ವಿನ ಯಂತ್ರಕ್ಕೆ ಇನ್ನೊಂದು ವಿಶೇಷ: ಸ್ಪೀಕರನ್ನೇ ಸಿಕ್ಕಿಸದೆ ಜೋರಾಗಿ ಬಾರಿಸಿದರೆ ಟ್ರಾನ್ಸ್‌ಫಾರ್ಮರಿನಲ್ಲಿ ಭಾರಿ ವೋಲ್ಟೇಜು ಎದ್ದು ಒಳಗೆ ಕಿಡಿ ಹಾರಬಹುದು. ಟ್ರಾನ್ಸಿಸ್ಟರಿನ ಯಂತ್ರಕ್ಕೆ ಬರಿದಾಗಿರುವುದು ಕ್ಷೇಮ, ತಡೆ ಕಡಮೆಯಾಗುವುದು ವಿಷ. ವಾಲ್ವಿಗೆ ಬರಿದಾಗಿರುವುದೇ ದೊಡ್ಡ ವಿಷ. ಒಬ್ಬರ ಪಥ್ಯ ಇನ್ನೊಬ್ಬರಿಗಾಗದು.

ಇತ್ತೀಚಿನ ಹಗುರವಾದ ಯಂತ್ರಗಳಲ್ಲಿ ಕೆಲವಕ್ಕೆ ತಯಾರಕರೇ 2 ಓಮ್ ಅಥವಾ 2.67 ಓಮ್ ಎಂದು ಮುದ್ರಿಸಿ ಕೊಡುತ್ತಾರೆ. ಮೂರು ಪೆಟ್ಟಿಗೆಯ ಆಸೆ ಇರುವವರಿಗೆಂದೇ. ಅಂತಹವುಗಳಿಗೆ ಧಾರಾಳವಾಗಿ ಹಾಕಬಹುದು. ಮತ್ತೆ ಕೆಲವು ಪ್ರವಾಹ ಮಿತಿಮೀರಿದೊಡನೆ ತಾವೇ ಬಾಯಿ ಮುಚ್ಚಿಕೊಳ್ಳುತ್ತವೆ. ಯಂತ್ರ ಉಳಿಯುತ್ತದೆ, ಆದರೆ ನಾಡಗೀತೆಯ ನಡುವೆ ಬೇಸ್ ನಿಂತುಹೋದರೆ ಹುಡುಗನ ಮುಖ ಹೇಗಾದೀತು? ಬಾಡಿಗೆಯ ಪವರ್ ಆಂಪ್ಲಿಫೈಯರುಗಳಲ್ಲಿ ಎರಡು ಚಾನೆಲ್ಲನ್ನು ಒಂದಾಗಿಸುವ ‘ಬ್ರಿಡ್ಜ್’ ಎಂಬ ಗುಂಡಿ ಇದ್ದರೆ ಅದನ್ನು ಒತ್ತಿದೊಡನೆ ಕನಿಷ್ಠ ಓಮ್ ಇಮ್ಮಡಿಯಾಗುತ್ತದೆ, 4 ಇದ್ದದ್ದು 8 ಆಗುತ್ತದೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಇಷ್ಟೆಲ್ಲ ಅಪಾಯಕ್ಕೆ ಬದಲಾಗಿ ಸಿಗುವುದೆಷ್ಟು? ಕಿವಿಗೆ ಸದ್ದು ‘ಎರಡರಷ್ಟು’ ಎನಿಸಬೇಕಾದರೆ ಸುಮಾರು 10 ಡೆಸಿಬೆಲ್ ಹೆಚ್ಚಬೇಕು. ವಾಟಿನ ಲೆಕ್ಕದಲ್ಲಿ ಅದು ಹತ್ತು ಪಾಲು. ನೂರರಿಂದ ನೂರೈವತ್ತು ವಾಟಿಗೆ ಏರಿದರೆ ಬರುವುದು 2 ಡೆಸಿಬೆಲ್ಲಿಗೂ ಕಡಮೆ. ಮೂರನೆಯ ಪೆಟ್ಟಿಗೆಯ ಕೋನುಗಳು ಹೆಚ್ಚು ಗಾಳಿಯನ್ನು ನೂಕುವುದರಿಂದ ಇನ್ನಷ್ಟು ಸೇರಿ ಒಟ್ಟು ಮೂರೂವರೆಯಾದೀತು ಎಂದು ನ್ಯಾಯವಾಗಿ ಒಪ್ಪಿಕೊಳ್ಳಬೇಕು. ಅದೂ ಯಂತ್ರ ಬಳಲದೆ 20 ವೋಲ್ಟನ್ನು ಹಿಡಿದು ನಿಂತರೆ. ಗಡಿ ಮೀರಿದ ಯಂತ್ರ ಹಾಗೆ ನಿಲ್ಲುವುದು ಅಪರೂಪ; ವೋಲ್ಟೇಜು ಕುಸಿದು ನಾದ ಒಡೆಯತೊಡಗುತ್ತದೆ. ಹಿಂದಿನ ಸಾಲಿನಲ್ಲಿ ಕುಳಿತ ತಾತನವರಿಗೆ ವ್ಯತ್ಯಾಸ ತಿಳಿಯುವುದೂ ಸಂದೇಹವೇ.

ಹಾಗಾದರೆ ದೊಡ್ಡ ಸಭಾಂಗಣಕ್ಕೆ ಏನು ಮಾಡಬೇಕು? ಬಹಳ ಸುಲಭ. ಹುಡುಗ ತನ್ನ ಎರಡು ಪೆಟ್ಟಿಗೆಗಳನ್ನೇ ಹಾಕಿಕೊಳ್ಳಲಿ. 4 ಓಮ್, ಗೆರೆಯ ಮೇಲೆ ಸರಿಯಾಗಿ ನಿಂತಿತು. ಅವು ವೇದಿಕೆಯ ಮೇಲೆ ಅವನಿಗೂ ತಬಲದವನಿಗೂ ಕೇಳಿಸಿದರೆ ಸಾಕು. ಪೆಟ್ಟಿಗೆಗಳಿಗೆ ಸ್ಪೀಕರಿನ ದಪ್ಪ ತಂತಿಯನ್ನೇ ಬಳಸಬೇಕು. ಗಿಟಾರಿನ ತೆಳು ತಂತಿ ನೋಡಲು ಒಂದೇ ಬಗೆಯಾಗಿದ್ದರೂ ಕಾಯುತ್ತದೆ. ಯಂತ್ರದ ಬೆನ್ನು ಪರದೆಯಿಂದ ಒಂದು ಮೊಳ ದೂರವಿರಲಿ. ಸಭಿಕರಿಗೆ ಕೇಳಿಸುವ ಕೆಲಸ ಸಭಾಂಗಣದ ದೊಡ್ಡ ಸ್ಪೀಕರುಗಳದು. ಹುಡುಗನ ಯಂತ್ರದ ಬೆನ್ನಲ್ಲಿ ‘ಡಿ.ಐ.’ ಎಂದು ಬರೆದ ಕಿಂಡಿಯೊಂದಿದೆ. ಫೋಟೋ ತರಿಸಿಕೊಂಡು ನೋಡಿದೆ. ಅಲ್ಲಿಂದ ಮೈಕಿನ ತಂತಿಯೊಂದನ್ನು ನಮ್ಮ ಮಿಕ್ಸರಿಗೆ ಎಳೆದರೆ ಓಮಿನ ತಂಟೆಯೇ ಬರುವುದಿಲ್ಲ, ಕೊನೆಯ ಸಾಲಿನವರೆಗೂ ದುಂ ದುಂ ಮುಟ್ಟುತ್ತದೆ.

ಮೂರನೆಯ ಪೆಟ್ಟಿಗೆಯನ್ನು ಈ ವಾರವೇ ಸ್ನೇಹಿತನಿಗೆ ಹಿಂತಿರುಗಿಸಿದರೆ ಟೆಂಪೋ ಬಾಡಿಗೆಯೂ ಉಳಿದೀತು. ಮಿಕ್ಸರಿನಲ್ಲಿ ಏಳನೆಯ ಚಾನೆಲ್ಲನ್ನು ಅವನಿಗಾಗಿ ಖಾಲಿ ಇಟ್ಟಿರುತ್ತೇನೆ. ಅಕ್ಟೋಬರ್ 31ರ ಸಂಜೆ ಆರು ಗಂಟೆಗೆ ಪರೀಕ್ಷೆ. ಹತ್ತು ಮೀಟರಿನ ತಂತಿಯೊಂದನ್ನು ಹುಡುಗನೇ ತರತಕ್ಕದ್ದು, ಸಂಘದ ತಂತಿಗಳೆಲ್ಲ ನಾಟಕದವರ ಬಳಿ ಹೋಗಿವೆ.